ಮೀಟರ್ ಮುಳ್ಳು ಕುಣಿಯುತ್ತೆ, ಮೂರನೇ ಗೇರ್ ಹಾರುತ್ತೆ: ಹಳೇ ಡೀಸೆಲ್ ಪಿಕಪ್

ಘಾಟ್_ಲೋಡ್ ಕೇಳಿದ್ದು:

2006ರ ಡೀಸೆಲ್ ಪಿಕಪ್. ಹಿಂದಿನ ಚಕ್ರ ಡ್ರೈವ್, 5 ಗೇರ್, ಕೇಬಲ್ ಮೀಟರ್.

ಜಿಪಿಎಸ್‌ನಲ್ಲಿ 60 ಇದ್ದಾಗ ಮುಳ್ಳು 40ರಿಂದ 55ರ ಮಧ್ಯೆ ಕುಣಿಯುತ್ತೆ. ಕಿಲೋಮೀಟರ್ ಲೆಕ್ಕವೂ ಕಮ್ಮಿ ತೋರಿಸ್ತಿದೆ. ಹೊಸ ಕೇಬಲ್ ಹಾಕಿ ಎರಡು ತಿಂಗಳಾಯ್ತು, ಬದಲಾಗಿಲ್ಲ. ಮೀಟರ್ ಗಾಜಿನ ಒಳಗೆ ಎಣ್ಣೆಯ ಮಂಜು ಕೂತಿದೆ. ಇದರ ಜೊತೆಗೆ ಲೋಡ್ ಇದ್ದಾಗ ಇಳಿಜಾರಲ್ಲಿ ಆಕ್ಸಿಲರೇಟರ್ ಬಿಟ್ಟರೆ ಮೂರನೇ ಗೇರ್ ತಾನಾಗೇ ನ್ಯೂಟ್ರಲ್‌ಗೆ ಬರುತ್ತೆ. ಗೇರ್ ಬಾಕ್ಸಿನ ಹಿಂಭಾಗ ಒದ್ದೆ. ಟೈರ್ 215/75 ಆರ್15 ಇದ್ದದ್ದನ್ನು 235/75ಕ್ಕೆ ಬದಲಿಸಿದೆ. ಇವೆಲ್ಲ ಬೇರೆ ಬೇರೆ ತೊಂದರೆಗಳಾ, ಒಂದೇನಾ? ಗೇರ್ ಬಾಕ್ಸ್ ಇಳಿಸಲೇಬೇಕಾ?

ಸಿಂಕ್ರೋ_ರಿಂಗ್:

ಗೇರ್ ಹಾರುತ್ತೆ ಅಂದ್ರೆ ಮೂರನೇ ಗೇರಿನ ಸಿಂಕ್ರೋ ರಿಂಗ್ (ಗೇರ್ ಹಾಕುವಾಗ ವೇಗ ಹೊಂದಿಸೋ ಬಳೆ) ಹೋಗಿದೆ. ಬಾಕ್ಸ್ ಇಳಿಸಿ ರಿಂಗ್ ಹಾಕಿಸಿ. ಮೀಟರ್ ವಿಷಯ ಬೇರೆ.

ಟೇಲ್_ಫ್ಲ್ಯಾಂಜ್:

ಈಗಲೇ ಬಾಕ್ಸ್ ಇಳಿಸಬೇಡಿ. ಸಿಂಕ್ರೋ ರಿಂಗ್ ಸವೆದರೆ ಗೇರ್ ಹಾಕುವಾಗ ಕರ್ ಅಂತ ಕಚ್ಚುತ್ತೆ, ಹಾಕಿದ ಗೇರ್ ಹಾರಲ್ಲ. ಹಾರೋದಕ್ಕೆ ಕಾರಣ ಬೇರೆ: ಸ್ಲೀವ್ (ಗೇರನ್ನು ಶಾಫ್ಟಿಗೆ ಸೇರಿಸೋ ಜಾರುಬಳೆ) ಹಲ್ಲಿನ ತುದಿ ಸವೆದು ಗೇರಿನ ಹಿಡಿತ ತಪ್ಪೋದು, ಹಾಕಿದ ಗೇರನ್ನು ಅಲ್ಲೇ ಹಿಡಿದಿಡೋ ಬಾಲ್ ಸ್ಪ್ರಿಂಗ್ ಸೋತಿರೋದು, ಸ್ಲೀವನ್ನು ಸರಿಸೋ ಫೋರ್ಕ್ ಬಾಗಿರೋದು, ಇಲ್ಲವೇ ಗೇರುಗಳು ಕೂತಿರೋ ಮೇನ್ ಶಾಫ್ಟೇ ಹಿಂದೆ ಮುಂದೆ ಆಡೋದು.

ನೀವು ಬರೆದದ್ದನ್ನೆಲ್ಲ ಸೇರಿಸಿ ನೋಡಿದರೆ ನನಗೆ ಕೊನೆಯದೇ ಅನುಮಾನ. ಇಂಥ ಬಾಕ್ಸುಗಳಲ್ಲಿ ಸಾಮಾನ್ಯವಾಗಿ ಮೇನ್ ಶಾಫ್ಟಿನ ಹಿಂದಿನ ತುದಿಯಲ್ಲಿ ಬೇರಿಂಗ್, ಅದರ ಹಿಂದೆ ಮೀಟರಿನ ವರ್ಮ್ ಗೇರ್ (ಸ್ಕ್ರೂನಂಥ ಹಲ್ಲಿನದು, ಕೇಬಲನ್ನು ತಿರುಗಿಸೋದು ಇದೇ), ಆಮೇಲೆ ಪ್ರೊಪೆಲ್ಲರ್ ಶಾಫ್ಟ್ (ಹಿಂದಿನ ಚಕ್ರಗಳ ಕಡೆಗೆ ಹೋಗೋ ಉದ್ದ ಶಾಫ್ಟ್) ಹಿಡಿಯೋ ಫ್ಲ್ಯಾಂಜ್ ಅನ್ನೋ ತಟ್ಟೆ. ಈ ಮೂರನ್ನೂ ಬಿಗಿಯಾಗಿ ಹಿಡಿದಿರೋದು ಒಂದೇ ನಟ್. ಅದು ಸಡಿಲಾದರೆ ವರ್ಮ್ ಜಾರುತ್ತೆ. ಮುಳ್ಳು ಕುಣಿದು, ಕಿಲೋಮೀಟರೂ ಕಮ್ಮಿ ಆಗೋದು ಅದಕ್ಕೇ. ಫ್ಲ್ಯಾಂಜ್ ಓಲಾಡಿ ಸೀಲ್ ಸೋರುತ್ತೆ. ಮೂರನೇ ಗೇರಿನ ಹಲ್ಲು ಓರೆ. ಎಂಜಿನ್ ಎಳೆಯುವಾಗ ಶಾಫ್ಟನ್ನು ಒಂದು ಕಡೆಗೆ ಒತ್ತುತ್ತೆ, ಆಕ್ಸಿಲರೇಟರ್ ಬಿಟ್ಟಾಗ ಎದುರು ಕಡೆಗೆ. ಶಾಫ್ಟಿಗೆ ಆಡಲು ಜಾಗ ಇದ್ದರೆ ಇಳಿಜಾರಲ್ಲೇ ಸ್ಲೀವ್ ಕಳಚಿಕೊಳ್ಳುತ್ತೆ.

ಪರೀಕ್ಷೆ ಹೀಗೆ ಮಾಡಿ. ಸಮತಟ್ಟು ನೆಲದಲ್ಲಿ ನಿಲ್ಲಿಸಿ, ನಾಲ್ಕೂ ಚಕ್ರಕ್ಕೆ ಕಲ್ಲು ಕೊಟ್ಟು, ಎಂಜಿನ್ ಆಫ್, ಗೇರ್ ನ್ಯೂಟ್ರಲ್. ಪ್ರೊಪೆಲ್ಲರ್ ಶಾಫ್ಟನ್ನು ಹಿಡಿಯಬೇಡಿ, ಹಿಡಿದರೆ ಯುಜೆ ಕ್ರಾಸಿನ (ಶಾಫ್ಟ್ ತುದಿಯ ಕೀಲಿನ) ಆಟವೂ ಸೇರಿ ಲೆಕ್ಕ ತಪ್ಪುತ್ತೆ. ಬಾಕ್ಸಿಗೆ ಅಂಟಿದ ಫ್ಲ್ಯಾಂಜನ್ನೇ ಎರಡೂ ಕೈಯಲ್ಲಿ ಹಿಡಿದು ಮೊದಲು ಹಿಂದೆ ಮುಂದೆ, ಆಮೇಲೆ ಮೇಲೆ ಕೆಳಗೆ ಅಲ್ಲಾಡಿಸಿ. ಟಕ್ ಅಂತ ಕೈಗೆ ಗೊತ್ತಾಗುವಷ್ಟು ಆಟ ಇರಲೇಬಾರದು. ಹಿಂದೆ ಮುಂದೆ ಮಾತ್ರ ಆಡಿದರೆ ನಟ್ ಮೇಲೆ ಅನುಮಾನ, ಮೇಲೆ ಕೆಳಗೂ ಆಡಿದರೆ ಹಿಂದಿನ ಬೇರಿಂಗ್.

ಅಲ್ಲೇ ಮಲಗಿರುವಾಗ ಬಾಕ್ಸಿನ ರಬ್ಬರ್ ಮೌಂಟನ್ನೂ ನೋಡಿ. ಹರಿದಿದ್ದರೆ ಇಳಿಜಾರಲ್ಲಿ ಬಾಕ್ಸ್ ಅಲ್ಲಾಡಿ ಲಿವರನ್ನೇ ಎಳೆಯುತ್ತೆ, ಆಗಲೂ ಗೇರ್ ಹಾರುತ್ತೆ. ರಿಪೇರಿ ಆಗುವವರೆಗೆ ಲಿವರನ್ನು ಕೈಯಲ್ಲಿ ಒತ್ತಿ ಹಿಡಿದು ಓಡಿಸಬೇಡಿ, ಫೋರ್ಕ್ ಸವೆದು ಹೋಗುತ್ತೆ.

ಮೀಟರ್_ಬೋರ್ಡ್:

ಮೇಲಿನದು ಸರಿ. ಮೀಟರ್ ಕಡೆಯದನ್ನು ನಾನು ಹೇಳ್ತೀನಿ.

ಮುಳ್ಳು, ಕಿಲೋಮೀಟರ್ ಎರಡೂ ತಪ್ಪಿದರೆ ತೊಂದರೆ ಕೇಬಲ್ ಅಥವಾ ಡ್ರೈವ್ ಕಡೆ, ಇಲ್ಲವೇ ಆ ಗಾಡಿಗೆ ಸೇರದ ಮೀಟರ್. ಮುಳ್ಳು ಸರಿ, ಅಂಕಿ ತಿರುಗಲ್ಲ ಅಂದ್ರೆ ಮೀಟರ್ ಒಳಗಿನ ಪ್ಲಾಸ್ಟಿಕ್ ಗೇರ್. ಅಂಕಿ ಸರಿ, ಮುಳ್ಳು ತಪ್ಪು ಅಂದ್ರೆ ಅಯಸ್ಕಾಂತದ ಬಟ್ಟಲು ಅಥವಾ ಕೂದಲು ಸ್ಪ್ರಿಂಗ್.

ಡಯಲ್ ಮೇಲೆ ಸಣ್ಣದಾಗಿ ಡಬ್ಲ್ಯು ಅಥವಾ ಕೆ ಅಂತ ಬರೆದು ಒಂದು ಅಂಕಿ ಇದ್ದರೆ, ಅದು ಒಂದು ಕಿಲೋಮೀಟರಿಗೆ ಕೇಬಲ್ ಎಷ್ಟು ಸುತ್ತಬೇಕು ಅನ್ನೋದು. ಕೇಬಲಿನ ಮೇಲಿನ ತುದಿ ಬಿಚ್ಚಿ, ಒಳತಂತಿಗೆ ಟೇಪಿನ ಸಣ್ಣ ಬಾವುಟ ಅಂಟಿಸಿ, ಗಾಡಿಯನ್ನು ನೇರವಾಗಿ 20 ಮೀಟರ್ ತಳ್ಳಿಸಿ ಸುತ್ತು ಎಣಿಸಿ. ಅದನ್ನು 50ರಿಂದ ಗುಣಿಸಿ. ಅಂಕಿ 1000 ಇದ್ದರೆ 20 ಸುತ್ತು ಬರಬೇಕು. ಕಮ್ಮಿ ಬಂದರೆ, ಅದೂ ಪ್ರತಿ ಸಲ ಬೇರೆ ಬೇರೆ ಬಂದರೆ, ವರ್ಮ್ ಜಾರ್ತಿದೆ. ಮೀಟರಿನದೇ ಪರೀಕ್ಷೆಗೆ ಡ್ರಿಲ್ ಸಾಕು: 1000 ಅಂಕಿಯ ಮೀಟರನ್ನು ನಿಮಿಷಕ್ಕೆ 1000 ಸುತ್ತು ತಿರುಗಿಸಿದರೆ 60 ತೋರಿಸಬೇಕು. ದಿಕ್ಕು ನೋಡಿಕೊಂಡು ನಿಧಾನವಾಗಿ ಶುರು ಮಾಡಿ.

ಟೈರಿನ ಪಾಲು ಚಿಕ್ಕದು. 215/75ರ ವ್ಯಾಸ ಸುಮಾರು 703 ಮಿ.ಮೀ., 235/75ರದು 733. ವ್ಯತ್ಯಾಸ ಶೇ. 4ರಷ್ಟು, ಅಂದರೆ 60ಕ್ಕೆ ಎರಡೂವರೆ ಕಿ.ಮೀ. ಅದು ಒಂದೇ ಸಮ ಕಮ್ಮಿ ತೋರಿಸುತ್ತೆ, ಕುಣಿಸಲ್ಲ.

ಗಾಜಿನ ಒಳಗಿನ ಎಣ್ಣೆ ಬಾಕ್ಸಿನದು. ಮೀಟರ್ ಪಿನಿಯನ್ (ವರ್ಮಿನಿಂದ ತಿರುಗಿ ಕೇಬಲನ್ನು ತಿರುಗಿಸೋ ಸಣ್ಣ ಗೇರ್) ಹೌಸಿಂಗಿನ ಸೀಲ್ ಸೋತಾಗ ತಿರುಗುವ ತಂತಿಯ ಸುರುಳಿ ಎಣ್ಣೆಯನ್ನು ಮೇಲಕ್ಕೆ ಹತ್ತಿಸುತ್ತೆ. ಹೊಸ ಕೇಬಲ್ ಹಾಕುವಾಗ ಆ ಸೀಲ್, ಓ ರಿಂಗ್ ಬದಲಿಸದಿದ್ದರೆ ಮತ್ತೆ ಅದೇ ಕಥೆ.

ಘಾಟ್_ಲೋಡ್:

ನೋಡಿದೆ. ಫ್ಲ್ಯಾಂಜ್ ಹಿಂದೆ ಮುಂದೆ ಹತ್ತಿರ ಹತ್ತಿರ 1 ಮಿ.ಮೀ. ಆಡುತ್ತೆ, ಮೇಲೆ ಕೆಳಗೆ ಇಲ್ಲ. ಮೌಂಟ್ ಚೆನ್ನಾಗಿದೆ. 20 ಮೀಟರಿಗೆ ಒಮ್ಮೆ 17 ಸುತ್ತು, ಇನ್ನೊಮ್ಮೆ 14. ನಟ್ ಬಿಗಿ ಮಾಡಿದರೆ ಸಾಕಾ?

ಟೇಲ್_ಫ್ಲ್ಯಾಂಜ್:

ಬರೀ ಬಿಗಿ ಮಾಡಬೇಡಿ, ಬಿಚ್ಚಿ ನೋಡಿ. ಪ್ರೊಪೆಲ್ಲರ್ ಶಾಫ್ಟಿಗೂ ಫ್ಲ್ಯಾಂಜಿಗೂ ಸೇರಿಸಿ ಬಣ್ಣದ ಗೆರೆ ಎಳೆದು ಶಾಫ್ಟ್ ಇಳಿಸಿ. ಮತ್ತೆ ಅದೇ ಗೆರೆಗೆ ಕೂಡಿಸದಿದ್ದರೆ ನಡುಕ ಬರಬಹುದು. ಫ್ಲ್ಯಾಂಜ್ ತೆಗೆದು ಸೀಲ್ ಕೂರುವ ಜಾಗದ ಮೇಲೆ ಉಗುರು ಆಡಿಸಿ. ಉಗುರು ಸಿಕ್ಕಿಕೊಳ್ಳುವಷ್ಟು ಗೀರು ಬಿದ್ದಿದ್ದರೆ ಹೊಸ ಸೀಲೂ ಸೋರುತ್ತೆ, ಫ್ಲ್ಯಾಂಜೇ ಬದಲಿಸಿ. ಸ್ಪ್ಲೈನ್ (ಫ್ಲ್ಯಾಂಜನ್ನು ಶಾಫ್ಟಿಗೆ ಕೂಡಿಸೋ ಉದ್ದ ಹಲ್ಲುಗಳು) ಸವೆದಿದ್ದರೂ ಅಷ್ಟೇ. ವರ್ಮ್ ಹಲ್ಲು ನೋಡಿ, ಅದನ್ನು ಶಾಫ್ಟಿಗೆ ಹಿಡಿದಿಡೋ ಕೀ ಅಥವಾ ಬಾಲ್ ಇರುವ ಬಾಕ್ಸಾದರೆ ಅದು ತುಂಡಾಗಿಲ್ಲ ಅಂತ ಖಚಿತ ಮಾಡಿಕೊಳ್ಳಿ. ಬೇರಿಂಗನ್ನು ಕೈಯಲ್ಲಿ ತಿರುಗಿಸಿ, ಮರಳು ಸಿಕ್ಕಂತೆ ಅನಿಸಿದರೆ ಬಿಡಬೇಡಿ.

ಹೊಸ ಸೀಲ್, ಹೊಸ ನಟ್, ಹೊಸ ಲಾಕ್ ವಾಷರ್. ಸ್ಪ್ಲೈನಿಗೆ ತೆಳ್ಳಗೆ ಸೀಲಂಟ್ ಹಚ್ಚಿ, ಇಲ್ಲದಿದ್ದರೆ ಅಲ್ಲಿಂದಲೂ ಎಣ್ಣೆ ಜಿನುಗುತ್ತೆ. ನಟ್ಟನ್ನು ನಿಮ್ಮ ಬಾಕ್ಸಿನ ಸರ್ವೀಸ್ ಪುಸ್ತಕದ ಟಾರ್ಕಿಗೆ ಟಾರ್ಕ್ ರೆಂಚಿನಿಂದಲೇ ಬಿಗಿ ಮಾಡಿ, ಸುತ್ತಿಗೆ ಉಳಿ ಬೇಡ.

ಎಣ್ಣೆ ಇಳಿಸುವಾಗ ಡ್ರೈನ್ ಪ್ಲಗ್ ನೋಡಿ. ಹಳದಿ ಪುಡಿ ಸಿಂಕ್ರೋ ಹಿತ್ತಾಳೆಯದು, ಸ್ವಲ್ಪ ಇದ್ದರೆ ಚಿಂತೆ ಇಲ್ಲ. ಉಕ್ಕಿನ ಚಕ್ಕೆ ಸಿಕ್ಕರೆ ಬಾಕ್ಸ್ ಇಳಿಸಲೇಬೇಕು. ಪುಸ್ತಕದಲ್ಲಿ ಗೇರ್ ಆಯಿಲ್ ದರ್ಜೆ ಜಿಎಲ್-4 ಅಂತ ಇದ್ದರೆ ಅಂಗಡಿಯವರು ಕೊಟ್ಟರು ಅಂತ ಜಿಎಲ್-5 ಹಾಕಬೇಡಿ, ಅದರ ಗಂಧಕದ ಅಂಶ ಹಿತ್ತಾಳೆ ರಿಂಗನ್ನು ತಿನ್ನಬಹುದು. ಮಟ್ಟ ಫಿಲ್ಲರ್ ತೂತಿನ ಕೆಳ ಅಂಚಿಗೆ ಬರಬೇಕು.

ಇಷ್ಟಾದ ಮೇಲೂ ಮೂರನೆಯದು ಹಾರಿದರೆ, ಬಾಕ್ಸ್ ಗಾಡಿಯಲ್ಲೇ ಇರುವಾಗ ಬಾಲ್ ಸ್ಪ್ರಿಂಗ್ ಬದಲಿಸಿ ನೋಡಿ. ಅದಕ್ಕೂ ಬಗ್ಗದಿದ್ದರೆ ಸ್ಲೀವ್ ಹಲ್ಲು ಸವೆದಿದೆ, ಆಗ ಇಳಿಸಿ.

ಮೀಟರ್_ಬೋರ್ಡ್:

ಕೇಬಲನ್ನು ತೊಳೆದು ಒಣಗಿಸಿ, ಒಳತಂತಿಯ ಕೆಳಗಿನ ಮೂರರಲ್ಲಿ ಎರಡು ಭಾಗಕ್ಕೆ ಮಾತ್ರ ಗ್ರೀಸ್ ಹಚ್ಚಿ. ಮೇಲಿನ ಭಾಗ ಒಣಗಿರಲಿ. ಕೇಬಲ್ ಎಲ್ಲೂ ಚೂಪಾಗಿ ಬಾಗಬಾರದು, 15 ಸೆಂ.ಮೀ. ತ್ರಿಜ್ಯಕ್ಕಿಂತ ಕಮ್ಮಿ ಬಾಗಿದರೆ ತಂತಿ ಮತ್ತೆ ಬಿಗಿಯುತ್ತೆ. 500 ಕಿ.ಮೀ. ಓಡಿದ ಮೇಲೆ ಮೇಲಿನ ತುದಿ ಬಿಚ್ಚಿ ಬಿಳಿ ಬಟ್ಟೆಯಲ್ಲಿ ಒರೆಸಿ. ತೆಳ್ಳಗಿನ ಎಣ್ಣೆ ಅಂಟಿ, ಗೇರ್ ಆಯಿಲ್ಲಿನ ಗಂಧಕದ ವಾಸನೆ ಹೊಡೆದರೆ ಪಿನಿಯನ್ ಸೀಲ್ ಇನ್ನೂ ಸೋರ್ತಿದೆ.