ಇನ್ಸಲ್ಟ್, ಅಫೆನ್ಸ್: ಇಂಗ್ಲಿಷರ ಬಳಕೆಯಲ್ಲಿ ಭೇದವೇನು?

ಪ್ರಶ್ನೆ:
ಲಂಡನ್ನಿನ ನಮ್ಮ ಕಚೇರಿಯಲ್ಲಿ ‘ನೋ ಅಫೆನ್ಸ್, ಆದರೆ ನಿಮ್ಮ ವರದಿ ಜಾಳಾಗಿದೆ’ ಎನ್ನುವವರಿದ್ದಾರೆ. ‘ನೋ ಇನ್ಸಲ್ಟ್’ ಎಂದವರನ್ನು ಕಾಣೆ. ಎರಡನ್ನೂ ಅವಮಾನವೆಂದೇ ಕಲಿತ ನನಗೆ ಈ ವ್ಯತ್ಯಾಸವನ್ನು ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ 1:
ಇನ್ಸಲ್ಟ್ ಆಡಿದವರ ಕೃತ್ಯ. ಅಫೆನ್ಸ್ ಕೇಳಿದವರ ಮನಸ್ಸಿಗೆ ಆದ ನೋವು. ಆದ್ದರಿಂದ ‘ನೋ ಅಫೆನ್ಸ್’ ಎಂದವರು ಮಾತನ್ನು ಹಿಂತೆಗೆದುಕೊಳ್ಳುವುದಿಲ್ಲ, ನೊಂದುಕೊಂಡರೆ ಹೊಣೆ ನಿಮ್ಮದೆಂದು ಮೊದಲೇ ಜಾರಿಕೊಳ್ಳುತ್ತಾರೆ. ರಾಜಕಾರಣಿಗಳ ‘ಯಾರಿಗಾದರೂ ನೋವಾಗಿದ್ದರೆ ವಿಷಾದಿಸುತ್ತೇನೆ’ ಎಂಬ ಕ್ಷಮಾಪಣೆಯೂ ಇದೇ ಜಾತಿಯದು. ವಾಡಿಕೆಯ ಮರುಮಾತು ‘ನನ್ ಟೇಕನ್’, ಅಂದರೆ ‘ನನಗೇನೂ ನೋವಾಗಿಲ್ಲ’. ನೊಂದವರೂ ಅದನ್ನೇ ಹೇಳುತ್ತಾರೆ!

ಉತ್ತರ 2:
ಈ ಭೇದ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿದೆ. ದಕ್ಷಿಣ ಆಫ್ರಿಕಾದ ಕವಿ, ವರ್ಣಭೇದ ನೀತಿಯ ವಿರೋಧಿ ಡೆನಿಸ್ ಬ್ರೂಟಸ್ 1971ರಲ್ಲಿ ವಿಂಬಲ್ಡನ್ ಅಂಗಳಕ್ಕೆ ನುಗ್ಗಿ, ಸೀಟಿ ಊದಿ, ಕರಪತ್ರ ಹಂಚಿ, ದಕ್ಷಿಣ ಆಫ್ರಿಕಾದ ಆಟಗಾರನೊಬ್ಬ ಆಡುತ್ತಿದ್ದ ಪಂದ್ಯವನ್ನು ನಿಲ್ಲಿಸಿದರು. ಪ್ರೇಕ್ಷಕರು ಕೆರಳಿದ್ದು ನಿಜ. ಆದರೆ ಕಾನೂನಿನ ಪ್ರಕಾರ ಅಪರಾಧವಾಗಬೇಕಾದರೆ ಆ ವರ್ತನೆ ‘ಇನ್ಸಲ್ಟಿಂಗ್’ (ಅವಮಾನಕರ) ಆಗಿತ್ತೇ ಎಂಬುದು ಪ್ರಶ್ನೆ. ಆ ಪದ ದಿನಬಳಕೆಯದು, ಅದಕ್ಕೆ ಕಾನೂನಿನ ವಿಶೇಷಾರ್ಥ ಹಚ್ಚಬೇಕಾಗಿಲ್ಲ, ಜನರ ಕೋಪವೊಂದೇ ಅವಮಾನಕ್ಕೆ ಪುರಾವೆಯಲ್ಲ ಎಂದು ಆಗ ಅತ್ಯುನ್ನತ ನ್ಯಾಯಾಲಯವೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್ ಬ್ರೂಟಸ್ ಪರವಾಗಿ ತೀರ್ಪಿತ್ತಿತು.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ಹಾಗಾದರೆ ಗೆಳೆಯರು ಪಬ್ಬಿನಲ್ಲಿ ಒಬ್ಬರನ್ನೊಬ್ಬರು ‘ಈಡಿಯಟ್’ ಎಂದು ಬೈದುಕೊಂಡು ನಗುವುದು?

ಉತ್ತರ 1:
ಅದನ್ನು ಅವರು ‘ಬ್ಯಾಂಟರ್’ ಎನ್ನುತ್ತಾರೆ: ಬೈಗುಳವುಂಟು, ನೋವಿಲ್ಲ. ಆದರೆ ಸಲಿಗೆ ಬೆಳೆಯದವರ ಮೇಲೆ, ಅದರಲ್ಲೂ ಕೈಕೆಳಗಿನವರ ಮೇಲೆ, ಮಾತಿನ ಬಾಣ ಬಿಟ್ಟು ‘ಬ್ಯಾಂಟರ್ ಅಷ್ಟೇ’ ಎನ್ನುವವರನ್ನು ನಂಬಬೇಡಿ.

ಉತ್ತರ 3:
ಬ್ರೂಟಸ್ ಪ್ರಕರಣದೊಂದಿಗೆ ವಿಷಯ ಮುಗಿಯಲಿಲ್ಲ. 1986ರ ಸಾರ್ವಜನಿಕ ಸುವ್ಯವಸ್ಥೆ ಕಾಯ್ದೆಯ 5ನೇ ವಿಧಿಯಲ್ಲೂ ‘ಇನ್ಸಲ್ಟಿಂಗ್’ ಉಳಿದಿತ್ತು. ಪೊಲೀಸ್ ಕುದುರೆಯನ್ನು ಸಲಿಂಗಿ ಎಂದು ತಮಾಷೆ ಮಾಡಿದ ಆಕ್ಸ್‌ಫರ್ಡ್ ವಿದ್ಯಾರ್ಥಿಯೊಬ್ಬ 2005ರಲ್ಲಿ ಬಂಧನಕ್ಕೊಳಗಾದದ್ದು ಇದರಡಿಯಲ್ಲೇ. ಕುದುರೆಗೆ ಏನನ್ನಿಸಿತೋ ದಾಖಲೆಯಿಲ್ಲ. ಆರೋಪ ಮುಂದೆ ಬಿದ್ದುಹೋಯಿತು. 2013ರ ತಿದ್ದುಪಡಿ ಆ ಪದವನ್ನು ಅಲ್ಲಿಂದ ತೆಗೆಯಿತು. ಬೆದರಿಕೆಯ ಮತ್ತು ನಿಂದನೆಯ ಮಾತುಗಳು ಇಂದಿಗೂ ಅಪರಾಧವೇ. ಕಿರುಕುಳ ಕೊಡುವ ಉದ್ದೇಶವನ್ನು ಸಾಬೀತುಪಡಿಸಬೇಕಾದ 4ಎ ವಿಧಿಯಲ್ಲಿ ‘ಇನ್ಸಲ್ಟಿಂಗ್’ ಈಗಲೂ ಇದೆ.