ಹಣ್ಣು ಹೆಪ್ಪುಗಟ್ಟುತ್ತದೆಯೋ, ಹೆರೆಯುತ್ತದೆಯೋ?

ಎಲ್ಲರಿಗೂ ನಮಸ್ಕಾರ. ಫ್ರೀಜರಿನಲ್ಲಿಟ್ಟು ಗಟ್ಟಿ ಮಾಡಿದ ಹಣ್ಣಿಗೆ ಒಂದು ಪದ ಬೇಕಾಗಿದೆ. ಸುಮ್ನೆ ಕುತೂಹಲಕ್ಕೆ ಕೇಳುತ್ತಿಲ್ಲ, ಕೆಲಸಕ್ಕೇ ಬೇಕು.

ನಾನು ಹುಟ್ಟಿದ್ದು ಶಿರಸಿ ಹತ್ತಿರದ ಹಳ್ಳಿಯಲ್ಲಿ. ಈಗ ಇರುವುದು ಘಟ್ಟದ ಕೆಳಗೆ, ಅಂಕೋಲೆಯಲ್ಲಿ. ನಮ್ಮ ಕೇರಿಯ ಹೆಂಗಸರಿಗಾಗಿ ಎರಡು ಪುಟದ ಒಂದು ಪತ್ರ ಬರೆಯುತ್ತಿದ್ದೇನೆ. ಬೇಸಿಗೆಯ ಹಣ್ಣನ್ನು ಫ್ರೀಜರಿನಲ್ಲಿಟ್ಟು ವರ್ಷವಿಡೀ ಬಳಸುವುದು ಹೇಗೆ ಅಂತ. ಇಲ್ಲಿಯವರಿಗೆ ಇದರ ಅಗತ್ಯ ಜಾಸ್ತಿ. ನಮ್ಮ ಕರಿ ಈಶಾಡು ಮಾವಿಗೆ 2023ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿತು, ಹೆಸರು ದೂರದವರೆಗೂ ಹೋಯಿತು, ಆದರೆ ಹಣ್ಣು ಅಷ್ಟು ದೂರ ಹೋಗುವುದಿಲ್ಲ. ಸಿಪ್ಪೆ ತೆಳು, ತಿರುಳು ಮೆತ್ತಗೆ. ಮೇ ತಿಂಗಳಲ್ಲಿ ಎಲ್ಲಾ ಒಟ್ಟಿಗೆ ಹಣ್ಣಾಗುತ್ತದೆ, ತಿಂದು ಮುಗಿಯುವುದಿಲ್ಲ, ಹಂಚಿ ಮುಗಿಯುವುದಿಲ್ಲ. ರಸ ತೆಗೆದು ಬಿಸಿಲಿಗೆ ಹರಡಿ ಒಣಗಿಸೋಣ ಎಂದರೆ ಅದಕ್ಕೆ ಸಾಲು ಸಾಲು ದಿನದ ಬಿಸಿಲು ಬೇಕು, ನಡುವೆ ಒಂದು ಮಳೆ ಬಂದರೆ ಅಷ್ಟೂ ಬೂಷ್ಟು. ಹಾಗಾಗಿ ಫ್ರೀಜರು.

ಪತ್ರದ ಮೊದಲ ಕರಡಿನಲ್ಲಿ ‘ಹೆಪ್ಪುಗಟ್ಟಿಸಿದ ಮಾವಿನ ಹಣ್ಣು’ ಎಂದು ಬರೆದಿದ್ದೆ. ಶಾಲೆಯಿಂದಲೂ ಕಲಿತದ್ದು ಅದೇ. ಭೂಗೋಳದಲ್ಲಿ ಸಮುದ್ರ ಹೆಪ್ಪುಗಟ್ಟುತ್ತದೆ, ಚಳಿಗಾಲದಲ್ಲಿ ನದಿ ಹೆಪ್ಪುಗಟ್ಟುತ್ತದೆ. ಶಿರಸಿಯ ಚಿಕ್ಕಿಗೆ ಓದಿ ಹೇಳಿದೆ. ಅವಳು ಅರ್ಧಕ್ಕೇ ನಿಲ್ಲಿಸಿ ಕೇಳಿದಳು: “ಎಂತದೇ ಇದು, ಹಣ್ಣಿಗೆ ಹೆಪ್ಪು ಹಾಕದಾ? ಹುಳಿ ಆಗ್ತಿಲ್ಯನೇ?”

ಅವಳ ಪ್ರಶ್ನೆ ಸರಿ ಅನ್ನಿಸಿತು. ಹೆಪ್ಪು ಅಂದರೆ ಒಂದು ವಸ್ತು. ನಿನ್ನೆಯ ಮೊಸರಿನ ಒಂದು ಚಮಚ. ಮನೆಯಲ್ಲಿ ಖಾಲಿಯಾದರೆ ಪಕ್ಕದ ಮನೆಯಿಂದ ಲೋಟ ಹಿಡಿದು ತರುವಂಥದ್ದು. ಹಾಲಿಗೆ ಅದನ್ನು ಬಿಟ್ಟರೆ ಹಾಲು ಮೊಸರಾಗುತ್ತದೆ, ಹುಳಿಯಾಗುತ್ತದೆ, ಮತ್ತೆ ಹಾಲಾಗುವುದಿಲ್ಲ. ರಕ್ತ ಹೆಪ್ಪುಗಟ್ಟುವುದೂ ಹಾಗೇ, ಬಿಸಿ ಮಾಡಿದರೆ ವಾಪಸು ಹರಿಯುವುದಿಲ್ಲ. ಎರಡರಲ್ಲೂ ಚಳಿಯ ಮಾತೇ ಇಲ್ಲ, ಹೆಪ್ಪಿಗೆ ಬೇಕಾದದ್ದು ಬೆಚ್ಚಗಿನ ಜಾಗ. ಚಳಿಗಾಲದಲ್ಲಿ ಆಯಿ ಮೊಸರಿನ ಪಾತ್ರೆಯನ್ನು ಒಲೆಯ ಮಗ್ಗುಲಿಗೆ ಇಡುತ್ತಿದ್ದಳು. ಅಂಥ ಪದವನ್ನು ಫ್ರೀಜರಿಗೆ ಹೊಂದಿಸಿದ್ದೇವೆ. ನೀರು, ನದಿ, ಸಮುದ್ರಕ್ಕೆ ಅದು ರೂಢಿಯಾಗಿಬಿಟ್ಟಿದೆ, ಅದನ್ನು ಬದಲಿಸಿ ಎಂದು ಹೇಳುತ್ತಿಲ್ಲ. ಆದರೆ ತಿನ್ನುವ ವಸ್ತುವಿನ ಮೇಲೆ, ಅಡುಗೆಮನೆಯಲ್ಲಿ ಓದುವವರ ಮುಂದೆ ಅದು ತಪ್ಪು ದಾರಿ ಹಿಡಿಸುತ್ತದೆ.

ಹಾಗಾದರೆ ಬೇರೆ ಏನು? ‘ಘನೀಕರಿಸಿದ’ ಎಂದು ಬರೆದರೆ ಚಿಕ್ಕಿ ಪತ್ರವನ್ನು ಮಡಚಿ ಇಡುತ್ತಾಳೆ. ‘ಶೈತ್ಯೀಕರಿಸಿದ’ ಅನ್ನುವುದರಲ್ಲಿ ಇನ್ನೊಂದು ತೊಂದರೆ ಇದೆ. ಅದು ತಣ್ಣಗೆ ಇಟ್ಟದ್ದಕ್ಕೂ ಆಗುತ್ತದೆ, ಕಲ್ಲಿನಷ್ಟು ಗಟ್ಟಿ ಮಾಡಿದ್ದಕ್ಕೂ ಆಗುತ್ತದೆ. ಇವೆರಡರ ನಡುವೆ ತುಂಬಾ ಅಂತರವಿದೆ, ಅಲ್ವಾ? ಫ್ರಿಜ್ಜಿನ ಕೆಳಗಿನ ಅಂಕಣದಲ್ಲಿ ಸುಮಾರು 4 ಡಿಗ್ರಿ ಸೆಲ್ಸಿಯಸ್ ಇರುತ್ತದೆ, ಹೆಚ್ಚಿದ ಮಾವು ಅಲ್ಲಿ ಮೂರ್ನಾಲ್ಕು ದಿನ ಇರಬಹುದು. ಮೇಲಿನ ಫ್ರೀಜರು ಸೊನ್ನೆಗಿಂತ 18 ಡಿಗ್ರಿ ಕೆಳಗಿದ್ದರೆ ಅದೇ ಮಾವು 8ರಿಂದ 12 ತಿಂಗಳು ರುಚಿ ಕೆಡದೆ ಇರುತ್ತದೆ. ಎರಡಕ್ಕೂ ಒಂದೇ ಪದ ಬಳಸಿದರೆ ಯಾರೋ ಒಬ್ಬರು ಡಬ್ಬಿಯನ್ನು ಕೆಳಗೆ ಇಟ್ಟು ಚೌತಿಗೆ ತೆಗೆಯುತ್ತಾರೆ.

ಕರಾವಳಿಯಲ್ಲಿ ಎಲ್ಲರ ಬಾಯಲ್ಲಿ ಇರುವುದು ‘ಐಸ್’. ಕಾರವಾರದ ಕಡೆ ‘ಬರ್ಫ್’ ಅನ್ನುವುದೂ ಕಿವಿಗೆ ಬೀಳುತ್ತದೆ, ನಾವು ತಿನ್ನುವ ಬರ್ಫಿಯ ಮೂಲವೂ ಅದೇ, ಹಿಮ ಎಂಬ ಅರ್ಥದ ಪಾರಸಿ ಪದ. ‘ಐಸ್ ಮಾಡಿದ ಹಣ್ಣು’ ಎಂದು ಬರೆದು ಬಿಡೋಣ ಅನ್ನಿಸಿತ್ತು. ಆದರೆ ಇಲ್ಲಿ ಐಸ್ ಎಂದರೆ ಮೀನು ನೆನಪಾಗುತ್ತದೆ. ಮೀನು ಮಾರುವವಳ ಬುಟ್ಟಿಯ ಮುಂದೆ ಕೂತವರು ಮೊದಲು ಕೇಳುವುದೇ, ಇವತ್ತಿನದ್ದಾ, ಐಸಿನದ್ದಾ ಅಂತ. ಐಸಿನದ್ದು ಅಂದರೆ ಹಳೆಯದು, ಬೆಲೆ ಇಳಿಸಬೇಕಾದದ್ದು. ಮರದಿಂದ ಕೊಯ್ದು ಹಣ್ಣಾದ ದಿನವೇ ಹೆಚ್ಚಿಟ್ಟ ಈಶಾಡಿಗೆ ಆ ಅನುಮಾನ ಅಂಟುವುದು ನನಗೆ ಇಷ್ಟವಿಲ್ಲ. ಅಲ್ಲದೆ ಮೀನಿಗೆ ಐಸ್ ಹಾಕುತ್ತಾರೆ, ಮೀನು ಐಸ್ ಆಗುವುದಿಲ್ಲ. ಇಲ್ಲಿ ಹಣ್ಣಿನೊಳಗಿನ ನೀರೇ ಐಸ್ ಆಗುತ್ತದೆ. ಎರಡೂ ಬೇರೆ ಕೆಲಸ.

ಇಷ್ಟಾದ ಮೇಲೆ ಚಿಕ್ಕಿಯನ್ನೇ ಕೇಳಿದೆ, ನೀನಾದರೆ ಏನು ಹೇಳುತ್ತೀ? ಅವಳು ಯೋಚಿಸಲೇ ಇಲ್ಲ. “ರಸ ಹೆರೆತಿದ್ದು ಹೇಳು” ಅಂದಳು.

ಹೆರೆ! ಈ ಪದ ನನಗೆ ಗೊತ್ತಿತ್ತು, ಆದರೆ ಹಣ್ಣಿಗೆ ಹೊಂದಿಸಲು ಹೊಳೆದಿರಲಿಲ್ಲ. ತುಪ್ಪ ಹೆರೆಯುತ್ತದೆ, ಅಂದರೆ ಚಳಿಗೆ ಗಟ್ಟಿಯಾಗುತ್ತದೆ. ಹೆರೆತುಪ್ಪ ಅನ್ನುತ್ತೇವೆ. ಶಿರಸಿಯಲ್ಲಿ ಡಿಸೆಂಬರ್ ಜನವರಿಯ ಬೆಳಗ್ಗೆ ತೆಂಗಿನೆಣ್ಣೆ ಹೆರೆತು ಶೀಸೆಯಿಂದ ಬೀಳುವುದಿಲ್ಲ. ಒಲೆಯ ಪಕ್ಕ ಇಟ್ಟು, ಕರಗಿಸಿ, ತಲೆಗೆ ಹಾಕಿಕೊಂಡು ಶಾಲೆಗೆ ಹೋದದ್ದು ನನ್ನ ನೆನಪು. ಹೆಪ್ಪಿಗೆ ಇಲ್ಲದ್ದೆಲ್ಲಾ ಇದಕ್ಕೆ ಇದೆ. ಹೊರಗಿನಿಂದ ಏನನ್ನೂ ಬೆರೆಸಬೇಕಿಲ್ಲ, ಚಳಿಯೊಂದೇ ಸಾಕು. ಬೆಚ್ಚಗಾದರೆ ಮೊದಲಿನ ಹಾಗೆ ಹರಿಯುತ್ತದೆ. ಹುಳಿಯ ಸುಳಿವಿಲ್ಲ.

ಇಲ್ಲಿ ಒಂದು ವಿಷಯ ನನ್ನನ್ನು ತುಂಬಾ ಹಿಡಿದಿಟ್ಟಿತು. ಅಂಕೋಲೆಯ ನಮ್ಮ ಪಕ್ಕದ ಮನೆಯ ಅಕ್ಕನಿಗೆ ‘ರಸ ಹೆರೆತಿದೆ’ ಎಂದರೆ ಅರ್ಥವೇ ಆಗಲಿಲ್ಲ. ಅವರಿಗೆ ಹೆರೆಯುವುದು ಅಂದರೆ ತೆಂಗಿನಕಾಯಿ ಹೆರೆಯುವುದು ಒಂದೇ, ಹೆರೆಮಣೆಯ ಮೇಲೆ ಕೂತು ತುರಿಯುವುದು. ಯಾಕೆ ಎಂದು ಯೋಚಿಸಿದೆ. ತೆಂಗಿನೆಣ್ಣೆ ಗಟ್ಟಿಯಾಗುವುದು ಸುಮಾರು 24 ಡಿಗ್ರಿಗಿಂತ ಕೆಳಗೆ. ಘಟ್ಟದ ಮೇಲೆ ಚಳಿಗಾಲ ಪೂರ್ತಿ ಅದನ್ನು ನೋಡುತ್ತೇವೆ. ದೇವಿಮನೆ ಘಟ್ಟ ಇಳಿದು ಸಮುದ್ರದ ಬದಿಗೆ ಬಂದರೆ ಅಪರೂಪ. ಎಣ್ಣೆ ಹೆರೆಯದ ಊರಿನಲ್ಲಿ ಆ ಮಾತು ಬಾಯಿಗೆ ಬರುವುದಾದರೂ ಯಾಕೆ? ಇದು ನನ್ನ ಊಹೆ, ಒಂದೆರಡು ಮನೆಯ ಮಾತು ಕೇಳಿ ಕಟ್ಟಿದ್ದು. ಕುಮಟೆ, ಹೊನ್ನಾವರ, ಭಟ್ಕಳದವರು ನಿಮ್ಮ ಮನೆಯಲ್ಲಿ ಹೇಗೆ ಎಂದು ದಯವಿಟ್ಟು ತಿಳಿಸಿ.

ಎರಡು ಹೆರೆಗಳ ನಡುವೆ ವ್ಯಾಕರಣದಲ್ಲಿ ಒಂದು ಚಂದದ ವ್ಯತ್ಯಾಸ ಇದೆ. ಕಾಯಿ ಹೆರೆದರು, ತುಪ್ಪ ಹೆರೆತಿತು. ಒಂದಕ್ಕೆ ದ, ಇನ್ನೊಂದಕ್ಕೆ ತ. ಕೊಳೆತ ಹಣ್ಣು, ಬಲಿತ ಕಾಯಿ, ಬೆರೆತ ಹಾಲು ಇದ್ದ ಹಾಗೆ ಹೆರೆತ ತುಪ್ಪ. ತಾನಾಗಿ ಆಗುವ ಇಂಥ ಎಷ್ಟೋ ಪದಗಳಿಗೆ ತ ಬರುತ್ತದೆ. ಹಾಗಾಗಿ ‘ಹೆರೆತ ಮಾವಿನ ರಸ’ ಎಂದು ಬರೆದರೆ ತಪ್ಪು ತಿಳಿಯುವ ಹೆದರಿಕೆ ಇಲ್ಲ. ತೊಡಕು ಬರುವುದು ಮಾಡಿಸುವ ರೂಪದಲ್ಲಿ. ಬೆರೆ, ಬೆರೆಸು. ಕೊಳೆ, ಕೊಳೆಸು. ಅದೇ ದಾರಿಯಲ್ಲಿ ಹೆರೆ, ಹೆರೆಸು. ‘ಮಾವಿನ ರಸವನ್ನು ಹೆರೆಸಿ ಇಡಿ’ ಅಂದರೆ ಪರವಾಗಿಲ್ಲ, ರಸವನ್ನು ಯಾರೂ ತುರಿಯುವುದಿಲ್ಲ. ‘ಮಾವಿನಕಾಯಿ ಹೆರೆಸಿ ಇಡಿ’ ಅಂದರೆ? ಚಿತ್ರಾನ್ನಕ್ಕೆ ತುರಿದಿಡಿ ಎಂದೇ ಓದುತ್ತಾರೆ. ಪಕ್ಕದ ಮನೆಯ ಅಕ್ಕ ಹಾಗೇ ಓದಿದರು.

ಇನ್ನೂ ಒಂದು ಸಂದೇಹ ಇದೆ, ಇದು ಪದಕ್ಕಿಂತ ವಸ್ತುವಿಗೆ ಸೇರಿದ್ದು. ತುಪ್ಪ ಹೆರೆತು ಕರಗಿದರೆ ಮತ್ತೆ ಅದೇ ತುಪ್ಪ. ಹಣ್ಣಿನ ಹೋಳು ಹಾಗಲ್ಲ. ನೀರು ಐಸ್ ಆಗುವಾಗ ನೂರಕ್ಕೆ 9ರಷ್ಟು ಹಿಗ್ಗುತ್ತದೆ. ನಿಧಾನವಾಗಿ ಗಟ್ಟಿಯಾದರೆ ದೊಡ್ಡ ದೊಡ್ಡ ಹರಳು ಬೆಳೆದು ಹಣ್ಣಿನ ಒಳಗಿನ ಪುಟ್ಟ ಕೋಶಗಳ ಗೋಡೆ ಒಡೆಯುತ್ತವೆ. ಹೊರಗೆ ತೆಗೆದಾಗ ನೀರು ಬಿಟ್ಟು ಹೋಳು ಜೋಲುತ್ತದೆ. ಬೇಗ ಗಟ್ಟಿಯಾದರೆ ಹರಳು ಸಣ್ಣ, ಪೆಟ್ಟು ಕಮ್ಮಿ. ಅದಕ್ಕೇ ಹೋಳನ್ನು ರಾಶಿ ಹಾಕದೆ ಅಗಲದ ತಟ್ಟೆಯಲ್ಲಿ ಒಂದಕ್ಕೊಂದು ತಾಗದಂತೆ ಒಂದೇ ಪದರ ಹರಡಿ, ರಾತ್ರಿಯಿಡೀ ಫ್ರೀಜರಿನಲ್ಲಿ ಬಿಟ್ಟು, ಬೆಳಗ್ಗೆ ಚೀಲಕ್ಕೆ ತುಂಬಿ ಗಾಳಿ ಒತ್ತಿ ತೆಗೆದು ಕಟ್ಟಬೇಕು. ಒಂದೇ ದಿನ ಐದಾರು ಕಿಲೋ ತುರುಕಿದರೆ ಎಲ್ಲವೂ ನಿಧಾನವಾಗುತ್ತದೆ. ಬಣ್ಣ ಕಪ್ಪಾಗಬಾರದೆಂದರೆ ಸ್ವಲ್ಪ ಲಿಂಬೆರಸ ಸಾಕು. ಐದು ಪಾಲು ಹೋಳಿಗೆ ಒಂದು ಪಾಲು ಸಕ್ಕರೆ ಬೆರೆಸಿದರೆ ಇನ್ನೂ ಒಳ್ಳೆಯದು. ರಸವಾದರೆ ಡಬ್ಬಿಯ ಬಾಯಿತನಕ ತುಂಬಬಾರದು, ಹಿಗ್ಗಲು ಒಂದು ಬೆರಳು ಜಾಗ ಬಿಡಬೇಕು.

ಹೀಗೆ ಮಾಡಿದ ಹೋಳು ಒಂದಕ್ಕೊಂದು ಅಂಟುವುದಿಲ್ಲ, ಬೇಕಾದಷ್ಟು ತೆಗೆದುಕೊಳ್ಳಬಹುದು. ಇದಕ್ಕೆ ಪದ ಹುಡುಕುವ ಕಷ್ಟವೇ ಬರಲಿಲ್ಲ. ಅನ್ನಕ್ಕೆ ಹೇಳುವ ‘ಉದುರುದುರು’ ಇದೆ. ರಾಶಿ ಹಾಕಿದ್ದು ‘ಕಲ್ಲಾಗುತ್ತದೆ’, ಕತ್ತಿ ಹಿಡಿದು ಒಡೆಯಬೇಕು. ಪತ್ರದಲ್ಲಿ ಇವೆರಡನ್ನೂ ಹಾಗೇ ಇಟ್ಟಿದ್ದೇನೆ. ಹಲಸಿಗೂ ಇದು ಹೊಂದುತ್ತದೆ. ಗಟ್ಟಿ ತೊಳೆಯ ಬಕ್ಕೆ ಹಲಸಾದರೆ ತೊಳೆಯ ಬೇಳೆ ತೆಗೆದು ಉದುರುದುರಾಗಿ ಇಡುವುದು, ಮೆತ್ತಗಿನ ತೊಳೆಯ ಅಂಬಲಿ ಹಲಸಾದರೆ ರಸ ಮಾಡಿ ಹೆರೆಯಲು ಬಿಡುವುದು. ಮಳೆಗಾಲದ ನಡುವೆ ಆ ರಸದ ಕಡುಬು ಮಾಡಿದರೆ ಮನೆ ಪೂರ್ತಿ ಮೇ ತಿಂಗಳಿನ ಪರಿಮಳ. ನೇರಳೆಯನ್ನು ಇಡಿಯಾಗಿ ಇಟ್ಟರೂ ಆಗುತ್ತದೆ. ಮುರುಗಲಿಗೆ (ಕೋಕಂ) ಫ್ರೀಜರು ಬೇಡ, ಸಿಪ್ಪೆ ಬಿಸಿಲಿಗೆ ಒಣಗುತ್ತದೆ, ಹುಳಿಯೂ ಸಕ್ಕರೆಯೂ ಸೇರಿ ಪಾಕ ಹಾಗೇ ಉಳಿಯುತ್ತದೆ.

ಇನ್ನು ಎರಡು ಸಣ್ಣ ಪದಗಳು. ಚೀಲದಲ್ಲಿ ಗಾಳಿ ಉಳಿದರೆ ಕೆಲವು ತಿಂಗಳಲ್ಲಿ ಹೋಳಿನ ಅಂಚು ಬಿಳಿಚಿ ನಾರಾಗುತ್ತದೆ. ಇದನ್ನು ‘ಶೀತದ ಸುಟ್ಟಗಾಯ’ ಎಂದು ಬರೆದದ್ದನ್ನು ಓದಿದ್ದೇನೆ. ಸುಡುವಂಥದ್ದು ಅಲ್ಲೇನೂ ನಡೆದಿಲ್ಲ, ಹಣ್ಣಿನ ನೀರು ಆವಿಯಾಗಿ ಹೊರಟು ಅಂಚು ಒಣಗಿದೆ ಅಷ್ಟೇ. ‘ಚಳಿಗೆ ಒಣಗಿದ್ದು’ ಎಂದರೆ ಸಾಲದೇ? ತಿಂದರೆ ಅಪಾಯವಿಲ್ಲ, ರುಚಿ ಇರುವುದಿಲ್ಲ.

ಇನ್ನೊಂದು, ಹೊರಗೆ ತೆಗೆದು ಹದಕ್ಕೆ ತರುವುದು. ರಸವಾದರೆ ಕರಗುತ್ತದೆ. ಹೋಳು ಕರಗುವುದಿಲ್ಲ, ಕರಗಿದರೆ ಉಳಿಯುವುದೇನು? ನಮ್ಮ ಮನೆಯಲ್ಲಿ ತಣ್ಣಗಿನ ಹಾಲಿಗೂ ನೀರಿಗೂ ‘ಚಳಿ ಬಿಡಿಸು’ ಅನ್ನುತ್ತೇವೆ, ಕುದಿಸದೆ ಸುಮ್ನೆ ತಣ್ಣಗಿನದ್ದನ್ನು ಹೋಗಲಾಡಿಸುವುದಕ್ಕೆ. ‘ಹೋಳನ್ನು ಫ್ರಿಜ್ಜಿನ ಕೆಳಗಿನ ಅಂಕಣದಲ್ಲಿಟ್ಟು ಚಳಿ ಬಿಡಿಸಿ’ ಎಂದು ಬರೆದಿದ್ದೇನೆ. ಈ ವ್ಯತ್ಯಾಸ ನನಗೆ ತಟ್ಟಿದ್ದು ಒಂದು ಜೂನ್ ತಿಂಗಳಲ್ಲಿ. ಗಾಳಿಮಳೆಗೆ ಮರ ಬಿದ್ದು ಎರಡು ದಿನ ಕರೆಂಟು ಇರಲಿಲ್ಲ. ಬಾಗಿಲು ಮುಚ್ಚಿಯೇ ಇಟ್ಟರೆ ತುಂಬಿದ ಫ್ರೀಜರು ಸುಮಾರು 48 ಗಂಟೆ ತಡೆಯುತ್ತದೆ, ಅರ್ಧ ತುಂಬಿದ್ದು 24 ಗಂಟೆ. ನಾನು ಆತಂಕದಲ್ಲಿ ಮತ್ತೆ ಮತ್ತೆ ತೆಗೆದು ನೋಡಿದೆ. ರಸ ಪೂರ್ತಿ ಕರಗಿ ಹುಳಿ ವಾಸನೆ ಬಂದಿತ್ತು, ಚೆಲ್ಲಿದೆ. ಹೋಳಿನ ಒಳಗೆ ಇನ್ನೂ ಐಸಿನ ಹರಳು ಕರಕರ ಅನ್ನುತ್ತಿತ್ತು, ಅದನ್ನು ಕಾಯಿಸಿ ಹಲ್ವಾ ಮಾಡಿದೆ. ಒಂದು ಕರಗಿತ್ತು, ಇನ್ನೊಂದರ ಚಳಿ ಮಾತ್ರ ಅರ್ಧ ಬಿಟ್ಟಿತ್ತು.

ಸದ್ಯಕ್ಕೆ ನನ್ನ ಕರಡು ನಿಂತಿರುವುದು ಇಲ್ಲಿ. ರಸಕ್ಕೆ ‘ಹೆರೆತ’, ಹೋಳಿಗೆ ‘ಗಟ್ಟಿ ಕಟ್ಟಿದ’, ಮಾಡುವ ಕೆಲಸಕ್ಕೆ ‘ಫ್ರೀಜರಿನಲ್ಲಿ ಗಟ್ಟಿ ಮಾಡಿ’. ‘ಹೆರೆಸು’ ಬಿಡಲು ಮನಸ್ಸಿಲ್ಲ, ಬರೆಯಲು ಧೈರ್ಯವಿಲ್ಲ. ಸಿದ್ದಾಪುರ, ಯಲ್ಲಾಪುರದ ಕಡೆ ತುಪ್ಪ, ಎಣ್ಣೆ ಬಿಟ್ಟು ಬೇರೆ ಯಾವುದಕ್ಕಾದರೂ ‘ಹೆರೆತಿದೆ’ ಅನ್ನುತ್ತೀರಾ? ಬೆಲ್ಲದ ಪಾಕಕ್ಕೆ, ಜೇನಿಗೆ? ‘ಹೆರೆಸು’ ಎಂದು ಯಾರಾದರೂ ನಿಜವಾಗಿ ಆಡುವುದನ್ನು ಕೇಳಿದ್ದೀರಾ, ಅದೂ ತುರಿಯುವ ಅರ್ಥದಲ್ಲಲ್ಲದೆ? ಕಾರವಾರದ ಕೊಂಕಣಿ ಮನೆಗಳಲ್ಲಿ ಫ್ರೀಜರಿನಿಂದ ತೆಗೆದದ್ದನ್ನು ಹದಕ್ಕೆ ತರುವುದಕ್ಕೆ ಏನನ್ನುತ್ತೀರಿ ಎಂಬುದೂ ಬೇಕು, ಪತ್ರ ಓದುವವರಲ್ಲಿ ಅರ್ಧ ಜನ ಮನೆಯಲ್ಲಿ ಕೊಂಕಣಿ ಆಡುವವರು. ಏಪ್ರಿಲ್ ಕೊನೆಯೊಳಗೆ ತಿಳಿಸಿದರೆ ಈಶಾಡು ಮಾರುಕಟ್ಟೆಗೆ ಬರುವ ಮೊದಲು ಅಚ್ಚು ಹಾಕಿಸುತ್ತೇನೆ.