ಅಪ್‌ಡೇಟ್: ಎಡ ಚಕ್ರದ ಬ್ರೇಕ್ ಸದ್ದಿಗೆ ಕಾರಣ ಸಿಕ್ಕಿತು

ನಂದಿ ಬೆಟ್ಟ ಇಳಿಯುವಾಗ ಕಾರಿನ ಮುಂದಿನ ಎಡ ಚಕ್ರ ಕಿರ್ರ್ ಅನ್ನುತ್ತೆ, ಡಿಸ್ಕನ್ನು (ಚಕ್ರದ ಜೊತೆ ತಿರುಗುವ ತಟ್ಟೆ) ಎರಡೂ ಬದಿಯಿಂದ ಒತ್ತುವ ಪ್ಯಾಡುಗಳಲ್ಲಿ ಒಳಗಿನದು ಮಾತ್ರ ಸವೆದಿದೆ ಅಂತ ಕೇಳಿದ್ದೆ ಅಲ್ವಾ? ತಪ್ಪು ಪ್ಯಾಡಿನದಲ್ಲ, ಡಿಸ್ಕಿನದೂ ಅಲ್ಲ. ಪ್ಯಾಡುಗಳನ್ನು ಹಿಡಿದು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಪಕ್ಕಕ್ಕೆ ಜಾರಲು ಇರುವ ಸ್ಲೈಡ್ ಪಿನ್ನಿನದು.

ಚಿಕ್ಕಬಳ್ಳಾಪುರದಲ್ಲೇ ಬಿಚ್ಚಿಸಿದೆ. ಮೇಲಿನ ಪಿನ್ ಸಲೀಸಾಗಿ ಬಂತು. ಕೆಳಗಿನದು ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಅದನ್ನು ಮುಚ್ಚುವ ರಬ್ಬರ್ ಬೂಟ್ ಹರಿದು ನೀರು ಹೋಗಿದೆ. ಪಿನ್ ತುಂಬಾ ತುಕ್ಕು, ಗ್ರೀಸ್ ಒಣಗಿ ಕಪ್ಪು ಅಂಟಾಗಿತ್ತು. ಒಳಗಿನ ಪ್ಯಾಡನ್ನು ಕ್ಯಾಲಿಪರ್‌ನ ಪಿಸ್ಟನ್ ಒತ್ತಿದಾಗ ಕ್ಯಾಲಿಪರ್ ಜಾರಿ ಹೊರಗಿನದನ್ನೂ ಎಳೆದುಕೊಳ್ಳಬೇಕು. ಜಾರದಿದ್ದರೆ ಒಳಗಿನದೇ ಒಂಟಿಯಾಗಿ ದುಡಿಯುತ್ತೆ. ಸವೆದ ಮೇಲೆ ಅದರ ಎಚ್ಚರಿಕೆ ತಗಡು ಡಿಸ್ಕಿಗೆ ತಾಗುತ್ತಿತ್ತು, ಸದ್ದು ಅದರದೇ.

ಉತ್ತರ ಕೊಟ್ಟವರಲ್ಲಿ ಪ್ಯಾಡ್ ಉಜ್ಜಿಸಿ ಅಂದವರೇ ಜಾಸ್ತಿ. ಸುಮ್ನೆ ಉಜ್ಜಿದ್ದರೆ ಪಿನ್ ಹಾಗೇ ಕೂತಿರುತ್ತಿತ್ತು. ಪಿನ್ ಚೆಕ್ ಮಾಡಿಸಿ ಅಂದವರಿಗೆ ಒಂದು ಕಾಫಿ ಬಾಕಿ!

ಹೊಸ ಪಿನ್, ಬೂಟ್ ಹಾಕಿಸಿದೆ. ಗ್ರೀಸ್ ಸಿಲಿಕೋನಿನದೇ ಆಗಬೇಕು, ಮಾಮೂಲಿ ಗ್ರೀಸಿಗೆ ರಬ್ಬರ್ ಊದಿಕೊಳ್ಳುತ್ತೆ. ಪ್ಯಾಡ್ ಮುಂದಿನ ಎರಡೂ ಚಕ್ರಕ್ಕೆ ಬದಲಾಯಿತು, ಒಂದೇ ಕಡೆ ಹಾಕಿದರೆ ಬ್ರೇಕ್ ಒತ್ತಿದಾಗ ಗಾಡಿ ಪಕ್ಕಕ್ಕೆ ಎಳೆಯಬಹುದು. ಡಿಸ್ಕ್ ದಪ್ಪ ಅಳೆದು ನೋಡಿದರು, ಮಿತಿಯೊಳಗೇ ಇದೆ. ಬೆಟ್ಟ ಇಳಿದೂ ನೋಡಿದೆ, ಸದ್ದಿಲ್ಲ.